ಮದುವೆಗೆ ಮೊದಲೇ ಬಂದ ಮುಯ್ಯಿ

“ಓದಾಕ ಅಂದ್ರ ರೊಕ್ಕ ಎಲ್ಲಿಂದ ತರ್ಲವ್ವ? ನಿನ್ನ ಮದುವಿ ಇದ್ದಿದ್ರ ಬ್ಯಾರೆ ಮಾತಿತ್ತು,” ಎಂದಳು ಅವ್ವನ ತಂಗಿ, ಪಾಮನಕಲ್ಲೂರಿನ ಚಿಗವ್ವ. ನನಗೆ ತಲೆ ಕೆಟ್ಟುಹೋಯಿತು. ಎಂ.ಎ. ಶುಲ್ಕ ಕಟ್ಟಲು ಮರುದಿನವೇ ಕಡೆಯ ದಿನ. ವಿದ್ಯಾರ್ಥಿವೇತನ ಕೇಳಲು ಹೋದಾಗಲೆಲ್ಲ ಲಿಂಗಸುಗೂರಿನ ಕಚೇರಿಯವರು ‘ಮುಂದಿನ ವಾರ ಬಾ’ ಎಂದು ಅಟ್ಟುತ್ತಿದ್ದರು. ಇಲ್ಲಿ ನೋಡಿದರೆ ಹೀಗೆ.

ಅವ್ವ ಚಹಾದ ಬಸಿ ಕೆಳಗಿಟ್ಟಳು. ಮದುವೆಯಲ್ಲಿ ಮಾಡಿದ ಮುಯ್ಯಿಯ ರೊಕ್ಕವನ್ನು ಮದುವೆಯಲ್ಲೇ ತೀರಿಸುವುದು ನಮ್ಮ ಕಡೆಯ ರೂಢಿ. ಅವಳು ಅದನ್ನೇ ಹಿಡಿದಳು: “ನಿನ್ನ ಹೆಣ್ಮಕ್ಕಳ ಮದುವಿಗೆಲ್ಲ ನಾ ಮುಯ್ಯಿ ಮಾಡೀನಿ. ಈಕಿ ಮದುವಿಗಿ ನೀ ಮಾಡೋದು ಐತಲ್ಲ, ಅದನ್ನ ಈಗ ಮಾಡು ಬೇ.”

ಚಿಗವ್ವ ಒಳಗೆ ಹೋದಳು. ರೊಕ್ಕದ ಜೊತೆಗೆ ಕುಂಕುಮದ ಭರಣಿಯನ್ನೂ ತಂದಳು. ಮುಯ್ಯಿ ಅಂದಮೇಲೆ ಮುಯ್ಯಿಯೇ. ನನ್ನ ಹಣೆಗೆ ಕುಂಕುಮವಿಟ್ಟು ರೊಕ್ಕ ಕೈಗೆ ಕೊಟ್ಟಳು.

ವಿದ್ಯಾರ್ಥಿವೇತನ ಬಂದದ್ದು ಎಂ.ಎ. ಮುಗಿದ ಮೇಲೆ. ಆ ರೊಕ್ಕ ಹಿಂತಿರುಗಿಸಲು ಹೋದರೆ ಚಿಗವ್ವ ಮುಟ್ಟಲಿಲ್ಲ. ಮಾಡಿದ ಮುಯ್ಯಿ ವಾಪಸು ತಗೊಳ್ಳಬಾರದಂತೆ. ಈಗ ಆ ಊರಲ್ಲಿ ಬಸ್ಸಿಳಿದರೆ ಸಾಕು, ಅವಳ ಓಣಿಯವರೆಲ್ಲ ಕೇಳುತ್ತಾರೆ: “ಮುಯ್ಯಿ ಮುಟ್ಟೈತಿ, ಮದುವಿ ಯಾವಾಗ?”