ಖಾಲಾನ ಬೈಠಕು, ನನ್ನ ಐರಾಣಿ

ಮೊಮ್ಮಗಳ ಹೊಸ ಖಾಕಿ ಬಟ್ಟೆಗೆ ಗಂಜಿಯ ವಾಸನೆ ಇದೆ. ಬೆಳಗಿನಿಂದ ಅದನ್ನು ಎಷ್ಟು ಸಲ ಮೂಸಿದೆನೋ! ಅವಳು ಪೊಲೀಸ್ ಆದಳು ನೋಡಿ. ಹಲ್ಲಿ ಕಂಡರೆ ಮಂಚ ಏರುತ್ತಿದ್ದ ಹುಡುಗಿ. ಓಣಿಯಲ್ಲಿ ಕಂಡವರ ಬಾಯಿಗೆಲ್ಲ ಪೇಢೆ ಇಟ್ಟು ಬಂದಿದ್ದೇನೆ. ಹಾಲಿನವನಿಗೆ ಎರಡು ಸಲ ಕೊಟ್ಟೆನಂತೆ. ನನಗೆ ನೆನಪಿಲ್ಲ, ಅವನೂ ನೆನಪು ಮಾಡಲಿಲ್ಲ.

"ಓಡೂದು, ಜಿಗಿಯೂದು ಎಲ್ಲಾ ಆಮ್ಯಾಲ ಆಯಿ. ಭರ್ತಿ ಪರೀಕ್ಷಾಕ್ಕ ತಯಾರಿ ಮಾಡ್ಸಿದ ಟ್ರೇನರ್ ಮೇಡಂ ಮೊದಲ ನನಗ ನೆಟ್ಟಗ ನಿಲ್ಲೂದು ಕಲಿಸಿದ್ರು" ಎಂದಳು ಅವಳು.

ನಿಲ್ಲುವುದನ್ನು ಕಲಿಸಲಿಕ್ಕೂ ಒಬ್ಬರು ಬೇಕೇ ಎಂದು ನಿಮಗೆ ನಗು ಬರಬಹುದು. ನನಗೆ ಬರಲಿಲ್ಲ. ನನಗೂ ಒಬ್ಬಾಕೆ ಕಲಿಸಿದ್ದಳು.

ಅದು ನಿಜಾಮರ ಸರ್ಕಾರದ ಕಾಲ. ಘಾಟಬೋರಾಳದಿಂದ ಬಸವಕಲ್ಯಾಣಕ್ಕೆ ಹಿರಿಯ ಸೊಸೆಯಾಗಿ ಬಂದಿದ್ದೆ. ಊರಿಗೆ ಆಗ ಕಲ್ಯಾಣಿ ಅನ್ನುತ್ತಿದ್ದೆವು. ನನ್ನ ಓದು ಎರಡನೇ ಇಯತ್ತೆ, ಅದರಲ್ಲೂ ಮಾಸ್ತರರು ಊರಲ್ಲಿ ಇಲ್ಲದ ದಿನಗಳೇ ಹೆಚ್ಚು. ಬಂದ ಹೊಸತರಲ್ಲೇ ಬಾವಿಯ ಪಾವಟಿಗೆಯ ಮೇಲೆ ಕಾಲು ಜಾರಿತು. ತಲೆಯ ಮೇಲಿನ ತಾಮ್ರದ ಕೊಡ ಒಂದೊಂದು ಮೆಟ್ಟಿಲಿಗೂ ಢಣಢಣ ಎನ್ನುತ್ತ, ಮನೆಮನೆಗೆ ಕೇಳುವ ಹಾಗೆ ಇಳಿದುಹೋಗಿ ನೀರು ಸೇರಿತು. ಮೈಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಖಾಲಿ ಕೊಡ ಇಟ್ಟರೂ ನನ್ನ ಕುತ್ತಿಗೆ ನಡುಗತೊಡಗಿತು. ಬಾವಿಗೆ ಹೋದರೆ ಹೆಂಗಸರು, "ಸರೀರೆವ್ವಾ, ಘಾಟಬೋರಾಳದಾಕಿ ಬಂದ್ಲು. ಕೊಡ ಉರುಳಸ್ತಾಳ" ಎಂದು ದಾರಿ ಬಿಡುತ್ತಿದ್ದರು. ನಾನು ನೆಲ ನೋಡುತ್ತ, ಬಗಲಲ್ಲಿ ಸಣ್ಣ ಬಿಂದಿಗೆ ಇಟ್ಟುಕೊಂಡು ಬರುತ್ತಿದ್ದೆ.

ಹೀಗೇ ಎರಡು ವರ್ಷ ಆಗುವಷ್ಟರಲ್ಲಿ ನಾದಿನಿಯ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಮದುವೆಗೆ ಮುಂಚೆ ಕುಂಬಾರರ ಮನೆಯಿಂದ ಐರಾಣಿ ತರುತ್ತಾರೆ. ಸುಣ್ಣ ಕೆಮ್ಮಣ್ಣಿನ ಚಿತ್ತಾರ ಬರೆದ ಗಡಿಗೆಗಳನ್ನು ಒಂದರ ಮೇಲೊಂದು ತಲೆಯ ಮೇಲೆ ಹೊತ್ತು, ವಾದ್ಯದ ಜೊತೆ ಮೆರವಣಿಗೆಯಲ್ಲಿ ಬರಬೇಕು. ಒಡೆದರೆ ಅಪಶಕುನ. ನಮ್ಮ ಮನೆಯಲ್ಲಿ ಹೊರುವವಳು ಹಿರಿಯ ಸೊಸೆ.

"ಪದ್ಧತಿ ಖರೆ" ಎಂದರು ಅತ್ತೆ, ನಾನು ಎದುರಿಗೇ ಬೀಸುತ್ತ ಕೂತಿದ್ದಾಗ. "ಆದ್ರ ಈಕಿ ಹೊತ್ರ ಕುಂಬಾರಗ ಎರಡ ಜೋಡ ಮಾಡಂತ ಹೇಳಬೇಕಾಗ್ತದ. ಮೋರಖಂಡಿಯಿಂದ ನಮ್ಮ ತಮ್ಮನ ಹೇಣ್ತಿನ ಕರಸ್ತೀನಿ."

ಒಮ್ಮೆ ಅವಳು ಹೊತ್ತರೆ ಮುಂದಿನ ಎಲ್ಲ ಮದುವೆಗಳಿಗೂ ಅವಳೇ. ನಾನು ಆ ಮನೆಯಲ್ಲಿ ಜೀವನಪೂರ್ತಿ ಹಿಂದೆ ನಿಲ್ಲುವವಳು. ಹಿತ್ತಲಿಗೆ ಹೋಗಿ ಅಳುತ್ತ ಕೂತೆ.

ಪಕ್ಕದ ಗೋಡೆಯ ಮೇಲೆ ಒಂದು ಮುಖ ಕಾಣಿಸಿತು. ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮುಸಲ್ಮಾನರ ಮುದುಕಿ. ಆಕೆಯ ಅಪ್ಪ ಹುಮನಾಬಾದಿನಲ್ಲಿ ಕುಸ್ತಿ ತಾಲೀಮಿನ ಉಸ್ತಾದರು. ಹುಡುಗಿಯಾಗಿದ್ದಾಗ ಕಿಟಕಿಯಿಂದ ನೋಡಿ ನೋಡಿಯೇ ಆಕೆಗೆ ಪಟ್ಟುಗಳೆಲ್ಲ ಬಾಯಿಪಾಠ.

"ಅತ್ರ ಕುತ್ತಿಗಿ ಗಟ್ಟಿ ಆಗ್ತದೇನ ಬೇಟಿ? ನಿನ್ನ ಅತ್ತಿ ಮಕ್ಕೊಂಡ ಮ್ಯಾಲ ಬಾ" ಎಂದಳು.

ಗಡಿಗೆ ಹೊರಿಸುತ್ತಾಳೆ ಅಂದುಕೊಂಡು ಹೋದೆ. ಆಕೆ ಸೆರಗು ಸೊಂಟಕ್ಕೆ ಕಟ್ಟಿಸಿ, ಕೂತು ಏಳುವ ಬೈಠಕ್ ಹೊಡೆಸಿದಳು, ಪೈಲ್ವಾನರ ಹಾಗೆ!

"ಖಾಲಾ, ಕುತ್ತಿಗಿ ನಡುಗಿದ್ರ ಕಾಲಿಗ್ಯಾಕ ಶಿಕ್ಷಾ?"

"ಕಂಬ ಅಲುಗಿದ್ರ ಛತ್ತು ನಿಲ್ತದೇನ? ಕೂಡು! ಏಳೂ ಮುಂದ ಯಾ ಅಲಿ ಅನ್ನು. ದಮ್ ಬರ್ತದ. ಅಬ್ಬಾನ ತಾಲೀಮಿನಾಗ ನಿಮ್ಮ ಮಂದಿ ಹುಡುಗ್ರೂ ಅಂತಿದ್ರು."

ಮರುದಿನ ತೊಡೆನೋವಿಗೆ ಒಲೆಯ ಮುಂದಿನಿಂದ ಗೋಡೆ ಹಿಡಿದು ಎದ್ದೆ. ಅತ್ತೆಯ ಮುಖ ಅರಳಿತು. "ಎಷ್ಟ ದಿನಾತವ್ವಾ? ಹೇಳಬಾರದೇನ?" ಎಂದು ನನಗೆ ತುಪ್ಪ ಹೆಚ್ಚು ಬಡಿಸಿದರು. ಬಸುರು ಗಿಸುರು ಏನಿಲ್ಲರೀ ಎಂದರೂ ನಂಬಲಿಲ್ಲ. ಆ ತುಪ್ಪವೂ ನನ್ನ ಮೈಗೆ ಒಳ್ಳೆಯದೇ ಮಾಡಿತು.

ಕಾಲು ಗಟ್ಟಿಯಾದ ಮೇಲೆ ತಲೆಗೆ ಬಟ್ಟೆಯ ಸಿಂಬಿ, ಆಮೇಲೆ ಖಾಲಿ ಗಡಿಗೆ, ಆಮೇಲೆ ತುಂಬಿದ ಕೊಡ. ಆದರೆ ಎಲ್ಲಕ್ಕಿಂತ ಕಷ್ಟವಾದದ್ದು ಕಣ್ಣು. ಸೊಸೆಯಾದವಳು ತಲೆ ಬಗ್ಗಿಸಿ ನಡೆಯಬೇಕೆಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಖಾಲಾ ನನ್ನ ಗದ್ದಕ್ಕೆ ಬೆರಳು ಕೊಟ್ಟು ಮೇಲೆತ್ತಿದಳು. "ನೆಲದಾಗ ಏನ ಕಳಕೊಂಡಿ? ಕಾಲಿಗಿ ದಾರಿ ಗೊತ್ತದ. ನೀ ಆ ಬೇವಿನ ಗಿಡದ ಮ್ಯಾಲಿನ ಕಾಗಿ ನೋಡ್ಕೋತ ಬಾ." ಕಲ್ಯಾಣಿಯಲ್ಲಿ ಬೇವಿನ ಗಿಡಗಳು ಇಷ್ಟು ಚೆಂದ ಇವೆ ಎಂದು ಗೊತ್ತಾದದ್ದೇ ಆಗ. ಎರಡು ವರ್ಷ ನಾನು ಆ ಊರಿನ ಕಲ್ಲು ಮಣ್ಣು ಮಾತ್ರ ನೋಡಿದ್ದೆ.

ಒಂದು ಬೆಳಿಗ್ಗೆ ತುಂಬಿದ ಕೊಡ ತಲೆಯ ಮೇಲಿಟ್ಟು, ಕೈ ಬಿಟ್ಟು, ಬಾವಿಯಿಂದ ಸೀದಾ ಅತ್ತೆಯ ಮುಂದೆ ಬಂದು ನಿಂತೆ.

"ಐರಾಣಿ ನಾನೇ ಹೊರ್ತೀನ್ರಿ."

ಆ ಮನೆಯಲ್ಲಿ ಯಾರೂ ಕೇಳದೆ ನಾನಾಗಿ ಆಡಿದ ಮೊದಲ ಮಾತು ಅದು. ಅತ್ತೆ ಕೊಡ ನೋಡಿದರು, ನನ್ನನ್ನು ನೋಡಿದರು. "ನೋಡೂಣು" ಎಂದರು. ಅತ್ತೆಯ ಬಾಯಿಂದ ನೋಡೂಣು ಬರುವುದೆಂದರೆ ದೊಡ್ಡ ಮಾತು!

ಆ ದಿನ ಬಂತು. ಅತ್ತೆ ಮೋರಖಂಡಿಯಿಂದ ತಮ್ಮನ ಹೆಂಡತಿಯನ್ನೂ ಕರೆಸಿದ್ದರು. ಆಕೆ ದಾರಿಯುದ್ದಕ್ಕೂ ತೊಟ್ಟಿಲಿಂದ ಬೀಳುವ ಕೂಸನ್ನು ಹಿಡಿಯುವವಳ ಹಾಗೆ ಎರಡೂ ಕೈ ಚಾಚಿಕೊಂಡು ನನ್ನ ಪಕ್ಕದಲ್ಲಿ ನಡೆದಳು. ನಾನು ಮೇಲಿನ ಕಾಗೆಗಳನ್ನು ನೋಡುತ್ತ ಬಂದೆ. ಬಾವಿಯ ಹೆಂಗಸರು ಕಟ್ಟೆ ಹತ್ತಿ ಕುತ್ತಿಗೆ ಚಾಚಿ ನೋಡುತ್ತಿದ್ದರು. ಮನೆ ಮುಟ್ಟಿದೆ. ಇನ್ನು ಉಳಿದದ್ದು ನಮ್ಮ ಹೊಸ್ತಿಲು, ಮೊಣಕಾಲೆತ್ತರದ ಕಲ್ಲು. ತಲೆಬಾಗಿಲಲ್ಲಿ ಬೀಗರು, ಸ್ವಾಮಿಗಳು, ಹಿರಿಯರು. ಕಾಲೆತ್ತಿದೆ. ಭಾರ ಪೂರಾ ಒಂದೇ ಕಾಲಿಗೆ ಬಂತು. ಅಷ್ಟು ದಿನದ ರೂಢಿ, ಬಾಯಿ ನನ್ನನ್ನು ಕೇಳಲಿಲ್ಲ.

"ಯಾ ಅಲಿ!"

ಸನಾದಿಯವನ ಉಸಿರು ಅಲ್ಲಿಗೇ ನಿಂತಿತು. ವಿಭೂತಿ ಹಚ್ಚಿದ ಹಣೆಗಳೆಲ್ಲ ನನ್ನ ಕಡೆ ತಿರುಗಿದವು. ಹೊಸ್ತಿಲ ಆಚೆ ಒಂದು ಕಾಲು, ಈಚೆ ಒಂದು ಕಾಲು, ತಲೆಯ ಮೇಲೆ ನಾದಿನಿಯ ಮದುವೆ.

ಆಗ ಅತ್ತೆ ಕೂಗಿದರು: "ಯಾರ ಹೆಸರಾದ್ರೂ ತಗೋ ನನ್ನ ತಾಯಿ, ಗಡಿಗಿ ಮಾತ್ರ ಬಿಡಬ್ಯಾಡ!"

ಮೊದಲು ನಕ್ಕವರು ಸ್ವಾಮಿಗಳು. ಆಮೇಲೆ ಇಡೀ ಅಂಗಳ. ಆ ನಗುವಿನ ನಡುವೆಯೇ ಇನ್ನೊಂದು ಕಾಲು ಎತ್ತಿಟ್ಟು ದೇವರ ಕೋಣೆಗೆ ಹೋದೆ. ಗಡಿಗೆಗಳಿಗೆ ಒಂದು ಬಿರುಕಿಲ್ಲ. ಅಂದು ಸಂಜೆ ಅತ್ತೆ ಗೋಡೆಯ ಮೇಲಿಂದ ಖಾಲಾಗೆ ಹೋಳಿಗೆ ಕೊಡುತ್ತ, "ನಮ್ಮ ಸೊಸಿನ ಪೈಲ್ವಾನ್ ಮಾಡಿಟ್ಟಿಯಲ್ಲವಾ" ಎಂದರು. ಬೈದ ಹಾಗೆಯೇ ಇತ್ತು, ಆದರೆ ಹೋಳಿಗೆಯ ಡಬ್ಬಿ ದೊಡ್ಡದಿತ್ತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಸಣ್ಣಗಾಗಿತ್ತು. ನಾಳೆ ಅವಳು ಪೊಲೀಸ್ ತರಬೇತಿಗೆ ಹೋಗಬೇಕು.

"ಆಯಿ, ನನಗ ಇನ್ನೂ ಅಂಜಿಕಿ ಆಗಾಕತ್ತದ. ನಿನಗ ಪೂರಾ ಹೋಗಿತ್ತೇನ?"

"ಎಲ್ಲಿ ಹೋಗ್ತದ? ಹೊಸ್ತಿಲ ಮ್ಯಾಲ ಮೊಣಕಾಲು ಗಡಗಡ ಅಂತಿದ್ದವು. ಸೀರಿ ಒಳಗ ಯಾರಿಗೂ ಕಾಣಲಿಲ್ಲ."

"ನಂದು ಪ್ಯಾಂಟ್ ಅದ ಆಯಿ!"

"ಸಡಿಲ ಹೊಲಿಸ್ಕೋ."

ನಗುತ್ತ ನಗುತ್ತ ಅವಳು ಮಂಚದಿಂದ ಬೀಳುವುದೊಂದು ಬಾಕಿ ಇತ್ತು. ನಾಳೆ ಬಸ್ ನಿಲ್ದಾಣದ ತನಕ ನಾನೂ ಹೋಗುತ್ತೇನೆ. ಕಳಿಸುವಾಗ ಚೆನ್ನಾಗಿ ಅಳಬೇಕೆಂದು ನಿನ್ನೆ ಅಂದುಕೊಂಡಿದ್ದೆ. ಈಗ ಅದಕ್ಕೆ ಪುರುಸೊತ್ತಿಲ್ಲ. ದಾರಿಯಲ್ಲಿ ಸಿಗುವವರಿಗೆಲ್ಲ, ಇವಳು ನನ್ನ ಮೊಮ್ಮಗಳು ಎಂದು ಹೇಳುವುದಿದೆ.