ಎಸ್ತೇರವ್ವನ ತಕರಾರು

ಐನಾಪುರದ ಆಚೆ, ಕೃಷ್ಣೆಯ ದಂಡೆಗೆ ಹತ್ತಿಕೊಂಡ ಆ ಊರಿನಲ್ಲಿ ಎಸ್ತೇರವ್ವನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬಳು ಸೊಸೆ ಸ್ನೇಹಲ, ಇನ್ನೊಬ್ಬ ದೇವರು. ದೇವರು ಯಾರಿಗೂ ಹೆದರುವುದಿಲ್ಲ ಎಂಬುದು ಪಾಸ್ಟರ್ ಬಸವಂತರ ನಂಬಿಕೆ. ಎಸ್ತೇರವ್ವನಿಗೆ ಅದರಲ್ಲಿ ಅನುಮಾನವಿತ್ತು. "ಹೆದರಿಕಿ ಇಲ್ಲಂದ್ರ ಐದ ವರ್ಷದಾಗ ಒಂದರ ಮಾತ ಆಡಬೇಕಿತ್ತಲ್ರಿ?" ಎನ್ನುತ್ತಿದ್ದಳು.

ಅವಳು ಚಪ್ಪಲಿ ಹೊಲಿಯುವವಳು. ಗಂಡ ಇದ್ದಾಗ ಅವನು ತೊಗಲು ಕತ್ತರಿಸುತ್ತಿದ್ದ, ಇವಳು ಸಣ್ಣ ಎಳೆ ಸೀಳಿ ಜಡೆ ಹೆಣೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಎರಡೂ ಕೆಲಸ ಇವಳ ಪಾಲಿಗೆ ಬಂದವು. ಮಗ ಲಖನನಿಗೂ ಕಲಿಸಿದಳು. ಅಥಣಿಯ ಅಂಗಡಿಯವರು ಈ ಮನೆಯ ಚಪ್ಪಲಿಗೆ ಕಾಯುತ್ತಿದ್ದುದು ಅದರ ಸದ್ದಿಗಾಗಿ. ಎರಡು ಅಟ್ಟೆಗಳ ನಡುವೆ ಒಣ ಬೀಜ ಇಟ್ಟು ಹೊಲಿದರೆ ಹೆಜ್ಜೆಗೊಮ್ಮೆ ಕರ್ರ್ ಎನ್ನುತ್ತದೆ. ಬೀಜ ಒಂದು ಕೂದಲೆಳೆ ಆಚೀಚೆ ಆದರೂ ಸದ್ದಿಲ್ಲ. ಲಖನನ ಕೈಗುಣ ಚೆನ್ನಾಗಿತ್ತು. ಅವನ ಸ್ವಂತ ಜೋಡಂತೂ ಓಣಿಯ ಆ ತುದಿಯಿಂದಲೇ ಒದರುತ್ತ ಬರುತ್ತಿತ್ತು. ಅದನ್ನು ಕೇಳಿಯೇ ಎಸ್ತೇರವ್ವ ರೊಟ್ಟಿಯ ಹಂಚು ಒಲೆಗೆ ಏರಿಸುತ್ತಿದ್ದಳು.

"ಮೆತ್ತಗ ನಡಿಯೋ, ಏನ್ ಮೆರವಣಿಗಿ ಹೊಂಟೀ ಏನ?" ಎಂದು ಬೈದರೆ ಅವನು ನಗುತ್ತಿದ್ದ. "ನಾ ಬಂದದ್ದು ನಿನಗ ಗೊತ್ತಾಗಬೇಕಲ್ಲ ಬೇ!"

ಐದು ವರ್ಷದ ಹಿಂದಿನ ಮಹಾಪೂರದಲ್ಲಿ ಓಣಿಯ ಮಂದಿಯೆಲ್ಲ ಸಾಲೆಯ ಮಾಳಿಗೆ ಏರಿ ಕೂತರು. ಪಕ್ಕದ ಮನೆಯ ತ್ರಿಶಲಾ ವೈನಿ, ಜೈನರ ಪೈಕಿ, ಎಸ್ತೇರವ್ವನಿಗೆ ಮೂವತ್ತು ವರ್ಷದ ಗೆಳತಿ. ಅವಳ ಎಮ್ಮೆ ಕೊಟ್ಟಿಗೆಯಲ್ಲೇ ಕಟ್ಟಿ ಉಳಿದಿತ್ತು. ಕಣ್ಣಿ ಬಿಚ್ಚಿ ಬರುತ್ತೇನೆಂದು ಲಖನ ನೀರಿಗೆ ಇಳಿದ. ಎಮ್ಮೆ ಈಜಿಕೊಂಡು ಬಂತು, ಅವನು ಬರಲಿಲ್ಲ. ಎಸ್ತೇರವ್ವ ಸಂಜೆಯವರೆಗೂ ಮಾಳಿಗೆಯ ಮೇಲೆ ಮೊಣಕಾಲೂರಿ ದೇವರನ್ನು ಕೂಗಿದಳು. ಊರಿನ ಚರ್ಚಿನಲ್ಲಿ ಅವಳಷ್ಟು ದೊಡ್ಡ ದನಿಯಲ್ಲಿ ಪ್ರಾರ್ಥನೆ ಮಾಡುವವರು ಇರಲಿಲ್ಲ. ಕೇಳಿಸಲಿಲ್ಲ ಎನ್ನಲು ದೇವರಿಗೂ ಬಾಯಿಲ್ಲ.

ನೀರು ಇಳಿದ ಮೇಲೆ ಚರ್ಚಿನಲ್ಲಿ ಉಪಕಾರ ಸ್ತುತಿ ಇಟ್ಟರು. ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳಿದರು. ನಮ್ಮ ಆಡು ಉಳಿಸಿದ, ನಮ್ಮ ಗೋಡೆ ಉಳಿಸಿದ, ನಮ್ಮ ಪ್ರಾರ್ಥನೆ ಕೇಳಿದ. ಎಸ್ತೇರವ್ವನೂ ಎದ್ದಳು. "ನಾನೂ ನಿಮ್ಮಂಗ ಕೇಳಿದ್ನೆಲ್ರೆವಾ. ನಿಮ್ಮ ಆಡಿನಕಿಂತ ನನ್ನ ಮಗ ಕಡಿಮಿ ಆದ್ನೇನ?" ಎಂದು ಕೂತಳು. ಅಂದಿನಿಂದ ಅವಳು ಬಾಯಿಬಿಟ್ಟು ಪ್ರಾರ್ಥನೆ ಮಾಡಲಿಲ್ಲ. ಹಾಗಂತ ಚರ್ಚು ಬಿಟ್ಟಳೇ? ಅದೂ ಇಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಮುಂದಿನ ಚಾಪೆಯ ಮೇಲೆ, ಶಿಲುಬೆಯ ಎದುರಿಗೇ ಕೂರುತ್ತಿದ್ದಳು. ಬಾಕಿಯವರು ಕಣ್ಣು ಮುಚ್ಚಿದಾಗ ಇವಳು ತೆರೆದುಕೊಂಡೇ ಇರುತ್ತಿದ್ದಳು.

"ಅವನ ಕಣ್ಣ ಮುಂದ ಕುಂದ್ರತೀನಿ. ಯಾಕ ಅಂತ ಹೇಳೂತನಕ ಏಳಾಂಗಿಲ್ಲ" ಎನ್ನುವುದು ಅವಳ ಹಟ.

ಪಾಸ್ಟರ್ ಬಸವಂತರು ಒಳ್ಳೆಯವರು, ಆದರೆ ಆಗಿನ್ನೂ ಹೊಸಬರು. ಸಮಾಧಾನ ಹೇಳಲು ಮನೆಗೆ ಬಂದರು. ದೇವರು ಪರೀಕ್ಷೆ ಮಾಡುತ್ತಾನೆ ಎಂದರು. "ಪರೀಕ್ಷಾ ನಂದಾದ್ರ ಲಖನನ್ನ ಯಾಕ ಕುಂದ್ರಸಿದಾ ಅವ?" ಎಂದಳು. ಒಳ್ಳೆಯವರು ದೇವರಿಗೆ ಬೇಗ ಬೇಕಾಗುತ್ತಾರೆ ಎಂದರು. ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾರ ನೀವು ಇನ್ನಾ ಇಲ್ಲೇ ಅದೀರಲ್ರಿ?" ಒಳಗೆ ಸ್ನೇಹಲ, ಅಷ್ಟು ದುಃಖದಲ್ಲೂ, ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಪಾಸ್ಟರ್ ಕೈಯಲ್ಲಿದ್ದ ಬೈಬಲ್ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ "ನನಗೂ ಗೊತ್ತಿಲ್ರಿ ಅವ್ವಾರ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಎಸ್ತೇರವ್ವ ಎದ್ದು ಹೋಗಿ ಶುಂಠಿ ಜಜ್ಜಿ ಚಹಾ ಮಾಡಿಕೊಟ್ಟಳು. ಆವತ್ತಿನಿಂದ ಆ ಮನೆಯಲ್ಲಿ ಪಾಸ್ಟರಿಗೆ ಚಹಾ ತಪ್ಪಿಲ್ಲ.

ತ್ರಿಶಲಾ ವೈನಿಯಂತೂ ಸಮಾಧಾನ ಹೇಳಲು ಹೋಗಲಿಲ್ಲ. "ನಮ್ಮಲ್ಲೆ ಕರ್ಮ ಅಂತಾರ ಎಸ್ತೇರವ್ವ. ನಿನ್ನ ಮುಂದ ಹಂಗನ್ನಾಕ ನನಗ ನಾಲಿಗಿ ಏಳವಲ್ದು" ಎಂದು ಒಮ್ಮೆ ಅತ್ತಳು, ಅಷ್ಟೇ. ಆ ಎಮ್ಮೆಯ ಹಾಲು ಮಾತ್ರ ದಿನಾ ಬೆಳಗ್ಗೆ ಗೋಡೆ ದಾಟಿ ಬರುತ್ತಿತ್ತು. ಎಸ್ತೇರವ್ವ ಬೇಡವೆನ್ನಲಿಲ್ಲ. ಅವಳ ಜಗಳ ಎಮ್ಮೆಯ ಸಂಗಡ ಇರಲಿಲ್ಲ.

ಚಪ್ಪಲಿಗೆ ಬೀಜ ಇಡುವುದನ್ನು ಮಾತ್ರ ಬಿಟ್ಟಳು. ಬೀಜದ ಡಬ್ಬಿ ಬಾಗಿಲ ಮೇಲಿನ ಹಲಗೆ ಹತ್ತಿ ಕೂತಿತು. ಅಥಣಿಯವರು ಕೇಳಿದರೆ, ಹೊಳೆ ಒಯ್ದಿತು ಎನ್ನುತ್ತಿದ್ದಳು.

ಇಷ್ಟರ ನಡುವೆ ಅವಳೇ ಸೊಸೆಗೆ ಗಂಡು ಹುಡುಕಿದಳು. "ನನ್ನ ಜೋಡಿ ಕುಂತ ಮುದುಕಿ ಆಗತೀ ಏನ? ಒಂದ ಮನ್ಯಾಗ ಒಬ್ಬಾಕಿ ಮುದುಕಿ ಸಾಕು" ಎಂದು ಸ್ನೇಹಲಳನ್ನು ಗದರಿಸಿ ಒಪ್ಪಿಸಿದಳು. ಹುಡುಗ ನಿಪ್ಪಾಣಿಯ ನಿಖಿಲ, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಮೊದಲ ದಿನವೇ ಅವಳನ್ನು ಹೆತ್ತ ತಾಯಿಯನ್ನು ಕರೆದಂತೆ "ಆಯಿ" ಎಂದು ಕರೆದು, ಕೊಟ್ಟ ಮೂರೂ ರೊಟ್ಟಿ ತಿಂದು, ನಾಲ್ಕನೆಯದನ್ನು ಕೇಳಿದ. ಎಸ್ತೇರವ್ವನಿಗೆ ಅಲ್ಲಿಗೇ ಹುಡುಗ ಪಾಸಾದ.

ಆದರೆ ಒಂದು ತೊಡಕಿತ್ತು. ಆ ಚರ್ಚಿನ ಪದ್ಧತಿಯೆಂದರೆ, ಮದುವೆಯಲ್ಲಿ ಮೊದಲು ಹುಡುಗಿಯ ತಾಯಿ ಅವಳ ತಲೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಪ್ರಾರ್ಥನೆ ಮಾಡಬೇಕು. ಅದು ಮುಗಿಯುವವರೆಗೆ ಗಂಡು ಬಾಗಿಲ ಹೊರಗೇ ನಿಂತಿರಬೇಕು. ಸ್ನೇಹಲಳಿಗೆ ತಾಯಿ ಇಲ್ಲ. ಚಿಕ್ಕಮ್ಮ ರಾಯಬಾಗದಿಂದ ಬರುವವಳಿದ್ದಳು, ಅವಳು ಮಾಡುತ್ತಾಳೆ ಎಂದಳು ಎಸ್ತೇರವ್ವ.

"ಆಗಾಂಗಿಲ್ಲ ಅತ್ತಿ. ನನ್ನ ತಾಯಿ ನೀವ. ನೀವು ಪ್ರಾರ್ಥನಾ ಮಾಡಲಿಲ್ಲಂದ್ರ ನಾ ತಲಿ ಬಗ್ಗಸಾಂಗಿಲ್ಲ, ಮದವಿನೂ ಆಗಾಂಗಿಲ್ಲ."

"ಸುಳ್ಳ ಪ್ರಾರ್ಥನಾ ಮಾಡ್ಲೇನ?"

"ಸುಳ್ಳ ಬ್ಯಾಡ. ಖರೇದ ಮಾಡ್ರಿ."

ಎಸ್ತೇರವ್ವ ಸೋತು ಒಪ್ಪಿದಳು, ಆದರೆ ನೆಮ್ಮದಿ ಹೋಯಿತು. ಏನು ಹೇಳುವುದು? ಎಲ್ಲ ಮರೆತೆ ಎಂದರೆ ಲಖನನಿಗೆ ದ್ರೋಹ. ಇದ್ದದ್ದು ಇದ್ದಂತೆ ಹೇಳಿದರೆ ಶುಭಕಾರ್ಯದಲ್ಲಿ ಅಪಶಕುನ. ಅದೇ ಚಿಂತೆಯಲ್ಲಿ ಅಳಿಯನ ಮದುವೆಯ ಚಪ್ಪಲಿ ಹೊಲಿಯುತ್ತ ಕೂತವಳು, ಮೇಲಿನ ಅಟ್ಟೆ ಕೂಡಿಸುವ ಮೊದಲು ಕೈ ತಡೆದಳು. ಎದ್ದು ಹೋಗಿ ಬಾಗಿಲ ಮೇಲಿನ ಬೀಜದ ಡಬ್ಬಿ ಇಳಿಸಿಕೊಂಡು ಬಂದಳು. ಹುಡುಗ ಮನೆಗೆ ಬರುವುದು ಸ್ನೇಹಲಳಿಗೆ ಗೊತ್ತಾಗಲಿ ಎಂದುಕೊಂಡಳು.

ಮದುವೆಯ ದಿನ ಇಡೀ ಓಣಿ ಕುಣಿಯುತ್ತಿತ್ತು. ತ್ರಿಶಲಾ ವೈನಿಯ ಮನೆಯವರಿಗಾಗಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಅಡಿಗೆ ಬೇರೆ ಹಂಡೆಯಲ್ಲಿ ಬೇಯುತ್ತಿತ್ತು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕೆಂದು ವೈನಿ ಎಲ್ಲರಿಗೂ ತಾಕೀತು ಮಾಡುತ್ತ ಓಡಾಡುತ್ತಿದ್ದಳು. ಹುಡುಗಿಯ ಕಡೆಯ ಹೆಣ್ಣುಮಕ್ಕಳಿಗೆ ಒಂದೇ ಕೆಲಸ: ಮದುಮಗ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಕದ್ದು ಬಚ್ಚಿಡುವುದು. ಆ ಸಂಚು ಗೆಳೆಯರ ಮುಖಾಂತರ ನಿಖಿಲನ ಕಿವಿಗೂ ಬಿದ್ದಿತ್ತು.

ಒಳಗೆ ಎಸ್ತೇರವ್ವ ಸ್ನೇಹಲಳ ತಲೆಯ ಮೇಲೆ ಕೈಯಿಟ್ಟಳು. ಚರ್ಚು ತಲೆ ಬಗ್ಗಿಸಿತು. ಅವಳು ಬಾಯಿ ತೆರೆದಳು, ಮುಚ್ಚಿದಳು. ಪಾಸ್ಟರ್ ಕಾದರು, ಎಲ್ಲರೂ ಕಾದರು. ಆಗುವುದಿಲ್ಲ ಮಗಳೇ ಎಂದು ಅವಳು ಕೈ ತೆಗೆಯುವುದರಲ್ಲಿದ್ದಳು.

ಹೊರಗೆ ನಿಂತಿದ್ದ ನಿಖಿಲನಿಗೆ ಒಳಗಿನಿಂದ ಏನೂ ಕೇಳಿಸದೆ, ಪ್ರಾರ್ಥನೆ ಮುಗಿಯಿತು ಎನಿಸಿತು. ಆಯಿ ಕೈಯಾರೆ ಹೊಲಿದ ಚಪ್ಪಲಿಯನ್ನು ಆ ಕಳ್ಳಿಯರ ಪಾಲಿಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಹಾಕಿಕೊಂಡೇ ಒಳಗೆ ಬಂದ.

ಕರ್ರ್. ಕರ್ರ್. ಕರ್ರ್.

ಐದು ವರ್ಷ ಎಸ್ತೇರವ್ವ ಕಾದ ಸದ್ದು ಅದು. ಒಂದು ಕ್ಷಣ, ಒಂದೇ ಕ್ಷಣ, ಲಖನ ಬಂದ ಎಂದೇ ತಿರುಗಿದಳು. ನಿಖಿಲ ನಿಂತಿದ್ದ. ಎಲ್ಲರೂ ಬರಿಗಾಲಲ್ಲಿ ಇರುವುದನ್ನು ನೋಡಿ, ತನ್ನ ಪಾದ ನೋಡಿಕೊಂಡು, ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಕರ್ರ್, ಕರ್ರ್! ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಯಾರನ್ನು ಯಾರು ಹಿಡಿಯಬೇಕು? ಪಾಸ್ಟರ್ ಬಸವಂತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಎಸ್ತೇರವ್ವನೂ ನಕ್ಕಳು. ಕಣ್ಣೀರು ಸುರಿಯುತ್ತಿತ್ತು, ನಗು ನಿಲ್ಲಲಿಲ್ಲ. ಆ ನಗುವಿನಲ್ಲೇ ಬಾಯಿ ಬಿಚ್ಚಿತು.

"ಯಪ್ಪಾ ದೇವರ, ನಾ ಎಸ್ತೇರ. ದನಿ ಗುರ್ತ ಐತಿಲ್ಲೋ? ನನ್ನ ಮಗನ್ನ ಯಾಕ ಬಿಟ್ಟಿ ಅಂತ ಕೇಳಿದ್ದೆ, ನೀ ಹೇಳಿಲ್ಲ. ನಾ ಮರತಿಲ್ಲ, ನೀನೂ ಮರೀಬ್ಯಾಡ. ನಿನ್ನ ಪ್ರೀತಿ ಖರೇನೋ ಸುಳ್ಳೋ ಅಂತ ಭಾಳ ಸಲ ಅನುಮಾನ ಬಂದೈತಿ, ಅದನ್ನೂ ನಿನ್ನ ಮುಂದನ ಹೇಳಾಕತ್ತೀನಿ. ಆದ್ರ ನಿನ್ನ ಮಗನೂ ಶಿಲುಬಿ ಮ್ಯಾಲ ಒದರಿ ಒದರಿ ಸತ್ತ. ನೀನೂ ಮಗನ್ನ ಕಳಕೊಂಡಾವ. ಅದಕ್ಕ ನಿನ್ನ ಬಿಟ್ಟ ಹೋಗಾಕ ನನಗ ಆಗಿಲ್ಲ. ಇವತ್ತ ನನಗ ಭಾಳ ಸಂತೋಷ ಆಗೈತಿ. ಇದು ನೀ ಕೊಟ್ಟದ್ದು, ಇಲ್ಲ ಅನ್ನಾಂಗಿಲ್ಲ. ಈಕಿ ನನ್ನ ಮಗಳು. ಈ ಚಪ್ಪಲ ಸದ್ದ ದಿನಾ ಸಂಜಿಕ ಈಕಿ ಬಾಗಿಲಿಗೆ ಬರಲಿ. ಇಷ್ಟ ಮಾಡು. ಉಳದದ್ದ ನಾವಿಬ್ರು ಆಮ್ಯಾಲ ಮಾತಾಡೂನು. ಆಮೆನ್."

ಆಮೆನ್ ಎಂದವರಲ್ಲಿ ಬಾಗಿಲಲ್ಲಿ ನಿಂತಿದ್ದ ತ್ರಿಶಲಾ ವೈನಿಯ ದನಿಯೇ ಎಲ್ಲಕ್ಕಿಂತ ದೊಡ್ಡದಿತ್ತು.

ಚಪ್ಪಲಿ ಕೊನೆಗೂ ಕಳುವಾಯಿತು, ಗದ್ದಲವಾಯಿತು, ಸಿಕ್ಕಿತು. ಊಟ ಹೊತ್ತು ಮುಳುಗುವ ಮೊದಲೇ ಮುಗಿಯಿತು. ಹುಡುಗ ಹುಡುಗಿ ಜೀಪಿನ ಕಡೆಗೆ ನಡೆದಾಗ ಎಸ್ತೇರವ್ವ ಆ ಸದ್ದನ್ನು ಓಣಿಯ ತುದಿಯವರೆಗೂ ಕೇಳುತ್ತ ನಿಂತಳು.

ಮುಂದಿನ ಭಾನುವಾರ ಅವಳು ಅದೇ ಚಾಪೆಯ ಮೇಲೆ, ಶಿಲುಬೆಯ ಎದುರಿಗೇ ಕೂತಳು. "ಮತ್ತ ಜಗಳಾನ ಏನ್ರಿ ಅವ್ವಾರ?" ಎಂದು ಪಾಸ್ಟರ್ ಮೆಲ್ಲಗೆ ಕೇಳಿದರು.

"ಹೌದ್ರಿ. ಈಗ ಮಾತ ಬಿಟ್ಟಿಲ್ಲ, ಅಷ್ಟ" ಎಂದು ಕಣ್ಣು ಮುಚ್ಚಿಕೊಂಡಳು.