ಯಾವ ಕೋಣೆ ಮೊದಲು

"ಮೊದಲು ಕೆಲಸ ಕಮ್ಮಿ ಇತ್ತು ಅಂತಲ್ಲ ಅತ್ತೆ. ಆಗ್ಲೂ ಸೊಂಟ ಬಿದ್ದುಹೋಗೋದು. ಆದ್ರೆ ಯಾವ ಕೋಣೆ ಮೊದಲು ಅನ್ನೋದು ನನ್ನಿಷ್ಟ. ಬಿಸಿಲು ಬೀಳೋ ಕಡೆ ಕೋಣೆಗಳನ್ನ ಬೆಳಿಗ್ಗೇನೇ ಮುಗಿಸ್ತಿದ್ದೆ. ಬಚ್ಚಲು ಉಜ್ಜಿ ಉಜ್ಜಿ ಕೈ ಸೋತ್ರೆ ಹಾಸಿಗೆ ಹಾಸೋಕೆ ಹೋಗ್ತಿದ್ದೆ. ಈಗ ಹೋಟೆಲ್ನೋರು ಕೊಟ್ಟಿರೋ ಫೋನು ತಾನೇ ಲೆಕ್ಕ ಹಾಕಿ ಟಿಂಗ್ ಅನ್ನುತ್ತೆ, ಮೇಲಿನ ಮಹಡಿಗೆ ಹೋಗು ಅನ್ನುತ್ತೆ. ಅಲ್ಲಿ ಅರ್ಧ ಹಾಸಿಗೆ ಹಾಸಿರ್ತೀನಿ, ಮತ್ತೆ ಟಿಂಗ್, ಕೆಳಗೆ ಬಾ ಅನ್ನುತ್ತೆ. ಅದಕ್ಕೆ ಕಾಲಿಲ್ಲ ನೋಡಿ, ನನ್ನ ಕಾಲಲ್ಲಿ ಓಡಾಡುತ್ತೆ."

ದೊಡ್ಡ ಹೋಟೆಲೊಂದರಲ್ಲಿ ಕೋಣೆ ಶುಚಿ ಮಾಡುವ ಸೊಸೆ ಹೀಗೆ ಹೇಳುವಾಗ ಅತ್ತೆ ಬಟಾಣಿ ಬಿಡಿಸುತ್ತಿದ್ದಳು.

"ಹಂಗಾದ್ರೆ ನನಗಿಂತ ದೊಡ್ಡ ಅತ್ತೆ ಸಿಕ್ಕಳು ನಿಂಗೆ" ಎಂದು ನಗಿಸಲು ನೋಡಿದಳು. ಸೊಸೆ ನಗಲಿಲ್ಲ. ಒಂದು ಕಾಲದಲ್ಲಿ ಅವಳು ನಕ್ಕರೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುತ್ತಿದ್ದರು.

ಸೊಸೆ ಧೈರ್ಯ ಮಾಡಿ ಮೇಲ್ವಿಚಾರಕನನ್ನೂ ಕೇಳಿದ್ದಳು. ಕೋಣೆ ಕಮ್ಮಿ ಮಾಡಿ ಎಂದು ಕೇಳಲಿಲ್ಲ, ಯಾವುದು ಮೊದಲು ಎಂಬುದನ್ನಷ್ಟೇ ನಮಗೆ ಬಿಡಿ ಎಂದಿದ್ದಳು. ಅವನು ಜೇಬಿನಿಂದ ತನ್ನ ಫೋನು ತೆಗೆದು ತೋರಿಸಿದ್ದ. "ನಂಗೂ ಇದೇ ಯಜಮಾನ, ತಾಯೀ."

ಮನೆಯಲ್ಲಾದರೂ ಆ ಜೀವಕ್ಕೆ ನೆಮ್ಮದಿ ಇರಲಿ ಎಂದು ಅತ್ತೆ ಎಲ್ಲವನ್ನೂ ತನ್ನ ತಲೆಮೇಲೆ ಹಾಕಿಕೊಂಡಳು. ಏನು ಬೇಯಿಸಬೇಕು, ಏನು ತರಬೇಕು, ದೀಪ ಯಾವಾಗ ಆರಿಸಬೇಕು, ಎಲ್ಲ ಅವಳದೇ. "ನೀನು ಸುಮ್ನೆ ಕೂತ್ಕೋ" ಎಂದರೆ ಸೊಸೆ ಕೂತಳು. ಬಡಿಸಿದ್ದನ್ನು ಉಂಡಳು. ಉಪ್ಪು ಬಾಯಿಗಿಡಲಾರದಷ್ಟು ಆದ ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ಆಗ ಅತ್ತೆಗೆ ಹೊಳೆಯಿತು. ಅಲ್ಲಿ ಕಸಿದುಕೊಂಡದ್ದನ್ನೇ ಇಲ್ಲಿ ನಾನೂ ಅಕ್ಕರೆಯಿಂದ ಕಸಿದುಕೊಂಡೆನಲ್ಲ!

ರಜೆಯ ದಿನ ಪೊರಕೆಯನ್ನು ಸೊಸೆಯ ಕೈಗಿಟ್ಟಳು. "ಇವತ್ತು ಮನೆ ನಿಂದು, ಮಗಳೇ. ಎಲ್ಲಿಂದ ಬೇಕಾದ್ರೂ ಶುರು ಮಾಡು. ಬೇಡ ಅನ್ಸಿದ್ರೆ ಮೂಲೆಗೆ ಎಸಿ, ಯಾರು ಕೇಳ್ತಾರೆ?"

ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಸೊಸೆ ನಡುವೆ ನಿಂತಳು. ಈ ಬಾಗಿಲು ನೋಡಿದಳು, ಆ ಬಾಗಿಲು ನೋಡಿದಳು. ಒಲೆಯ ಮೇಲಿನ ಹಾಲು ಉಕ್ಕಿತು. ಅತ್ತೆ ಎದ್ದು ಇಳಿಸಿ ಬಂದರೂ ಅವಳು ಅಲ್ಲೇ ಇದ್ದಳು.

"ಯಾವ ಕೋಣೆ ಮೊದಲು, ಅತ್ತೆ?"

"ನಿನ್ನಿಷ್ಟ ಅಂದೆನಲ್ಲೇ."

"ಹೂಂ. ಆದ್ರೂ ಯಾವ್ದು ಅಂತ ಹೇಳಿಬಿಡಿ."

ಹೇಳಿದರೆ ತಾನೂ ಆ ಫೋನೇ. ಹೇಳದಿದ್ದರೆ ಹುಡುಗಿ ಸಂಜೆತನಕ ಹೀಗೇ ನಿಂತಾಳು.

"ಅಡುಗೆಮನೆ" ಎಂದಳು, ತೀರ ಮೆಲ್ಲಗೆ.

ಸೊಸೆ ಉಸಿರುಬಿಟ್ಟು ಬಗ್ಗಿದಳು. ಒಲೆಯ ಪಕ್ಕದ ಈರುಳ್ಳಿ ಸಿಪ್ಪೆಯನ್ನು ಬಾಗಿಲಿನವರೆಗೆ ಗುಡಿಸುತ್ತಾ ಬಂದಳು. ಅಲ್ಲಿ ಕೂತಿದ್ದ ಅತ್ತೆ ಕಾಲೆತ್ತಿ ದಾರಿ ಬಿಟ್ಟಳು.